ಮೊದಲೇ ಆಡಿದ ಮಾತು

ಸೆಪ್ಟೆಂಬರ್ ೧೧, ಬುಧವಾರ

ರೀ ಮೇಷ್ಟ್ರೇ,

ನಮಸ್ಕಾರ. ಪತ್ರ ತಡವಾಯಿತು, ಮುನಿಸಿಕೊಳ್ಳಬೇಡಿ. ಸಂಸತ್ತಿನ ಸಭೆ ದಿನವೂ ಕತ್ತಲಾಗುವವರೆಗೆ ನಡೆಯುತ್ತಿದೆ, ಬರೆದೂ ಬರೆದೂ ಮನೆಗೆ ಬಂದರೆ ಬೆರಳು ಮಡಚಲೂ ಆಗುವುದಿಲ್ಲ. ಭೇಟಿಗೆ ಬಿಡುವುದಿಲ್ಲವಂತೆ, ಹಾಗಾಗಿ ನಾಳೆ ಇದನ್ನು ಜೈಲಿನ ಬಾಗಿಲಲ್ಲಿ ನಾನೇ ಕೊಟ್ಟುಬರುತ್ತೇನೆ. ನಿಮಗಿಂತ ಮೊದಲು ಅಲ್ಲಿನ ಸಾಹೇಬರು ಓದುತ್ತಾರೆ. ಓದಲಿ. ಇದರಲ್ಲಿರುವುದು ನಾಯಕರದ್ದೇ ಮಾತು, ಅದಕ್ಕೆ ಮಸಿ ಬಳಿಯುವ ಧೈರ್ಯ ಯಾರಿಗಿದೆ ನೋಡೋಣ.

ನಿನ್ನೆ ಅವರು ಭಾಷಣಕ್ಕೆ ಎದ್ದಾಗ ಬರೆದುಕೊಳ್ಳುವ ಸರದಿ ನನ್ನದು. ಅವರು ಪದೇಪದೇ ಆಡುವ ಮಾತುಗಳಿಗೆಲ್ಲ ಶೀಘ್ರಲಿಪಿಯಲ್ಲಿ ಒಂದೊಂದು ಗೀಟು ಮಾಡಿಟ್ಟುಕೊಂಡಿದ್ದೇವೆ. 'ಶತ್ರುವಿನ ಜೊತೆ' ಎಂದು ಅವರು ಬಾಯಿ ತೆರೆದರೆ ಸಾಕು, 'ಮಾತಿಲ್ಲ, ಕೊನೆಯವರೆಗೂ ಹೋರಾಟ' ಎಂಬುದನ್ನು ಕೈ ತಾನಾಗಿಯೇ ಎಳೆದುಬಿಡುತ್ತದೆ. ನಿನ್ನೆಯೂ ಎಳೆಯಿತು. ಸದಸ್ಯರು ಎಂದಿನಂತೆ ಮೇಜು ಕುಟ್ಟಿದರು, ನನ್ನ ಸರದಿ ಮುಗಿಯಿತು, ಕೆಳಗೆ ಹೋಗಿ ಟೈಪ್ ಮಾಡಿ ಕೊಟ್ಟೆ. ಸ್ವಲ್ಪ ಹೊತ್ತಿಗೆ ನಮ್ಮ ಮೇಲಿನವರು ಟೇಪು ಕೇಳಿ, ಮುಖ ಬಿಳಿಚಿಕೊಂಡು ಓಡಿಬಂದರು. ನಾಯಕರು ಹೇಳಿದ್ದೇ ಬೇರೆ: "ಶತ್ರುವಿನ ಜೊತೆ ಮಾತುಕತೆ ನಡೆಸುವುದು ಹೇಡಿತನವಲ್ಲ."

ನೀವು ತರಗತಿಯಲ್ಲಿ ಹೇಳಿದ್ದು ಇದನ್ನೇ ಅಲ್ಲವೇ? ಇದಕ್ಕೇ ಅಲ್ಲವೇ ಬೇಸಿಗೆಯಲ್ಲಿ ನಿಮ್ಮನ್ನು ಹಿಡಿದುಕೊಂಡು ಹೋಗಿದ್ದು? ಆಗ ನಿಮ್ಮನ್ನು ದ್ರೋಹಿ ಎಂದು ಮೇಜು ಕುಟ್ಟಿದ ಕೈಗಳೇ ನಿನ್ನೆ ಶಾಂತಿಗೂ ಕುಟ್ಟಿದವು. ಗಡಿಯ ಪಟ್ಟಣ ಕೈತಪ್ಪಿತಂತೆ, ಅದಕ್ಕೇ ಈ ಜ್ಞಾನೋದಯ. ಈ ಸಾಲಿಗೆ ಬೇಕಾದರೆ ಮಸಿ ಬಳಿದುಕೊಳ್ಳಲಿ.

ಇವತ್ತು ರಜೆ ಹಾಕಿ ನಿಮ್ಮ ಕೇಸಿನ ಅಧಿಕಾರಿಯ ಮುಂದೆ ಹೋಗಿ ನಿಂತೆ, ಭಾಷಣ ತೋರಿಸಿದೆ. ಅವರು ಕುರ್ಚಿ ಕೊಟ್ಟರು, ನೀರು ಕೊಟ್ಟರು. ಆಮೇಲೆ ಮೆತ್ತಗೆ ಹೇಳಿದರು: "ನಾಯಕರು ಹೇಳಿದ್ದು ನಿನ್ನೆ ಕಣಮ್ಮಾ. ನಿಮ್ಮೋರು ಹೇಳಿದ್ದು ಬೇಸಿಗೇಲಿ. ಆಗ ಅದು ತಪ್ಪೇ ಆಗಿತ್ತಲ್ಲ?"

ತಪ್ಪಾಯಿತೆಂದು ಬರೆದುಕೊಟ್ಟರೆ ಶನಿವಾರವೇ ಬಿಡುತ್ತಾರಂತೆ. ಸರಿಯಾದ ಮಾತಿಗೆ ಕ್ಷಮೆ ಕೇಳಬೇಕಂತೆ! ಮೈಯೆಲ್ಲ ಉರಿಯಿತು. ಆದರೂ ಕೇಳುತ್ತಿದ್ದೇನೆ, ಬರೆದುಕೊಡಿ. ಬಗ್ಗಬೇಡಿ ಎಂದು ಅಂದು ಹೇಳಿದವಳೂ ನಾನೇ. ಮಾತು ಬದಲಿಸಿ ನೀನೂ ನಾಯಕಿಯಾಗಿಬಿಟ್ಟೆಯಾ ಎಂದು ಬೈಯಿರಿ, ಆದರೆ ಬರೆದುಕೊಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ದೇವರು ನಿಮ್ಮನ್ನು ತಣ್ಣಗಿಟ್ಟಿರಲಿ.

ಇತಿ ನಿಮ್ಮ,
ಕಾಗೆಕಾಲು ಗುಬ್ಬಿಕಾಲಿನವಳು

ತಾ.ಕ.: ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬರಲಿಲ್ಲ. ನಮ್ಮ ಹುಡುಗ ಸೈನ್ಯಕ್ಕೆ ಸೇರಿದ್ದಾನೆ, ಭಾನುವಾರ ಹೊರಡುತ್ತಾನೆ. ದ್ರೋಹಿಯ ಮಗ ಎಂಬ ಹೆಸರು ತೊಳೆದುಕೊಳ್ಳಬೇಕಂತೆ. ಇನ್ನೇನು ಮಾತುಕತೆ ಶುರುವಾಗುತ್ತದಲ್ಲೋ ಎಂದು ಗೋಗರೆದೆ. "ಅವ್ರು ನಾಳೆ ಮತ್ತೆ ಬದಲಾಗ್ತಾರೆ ಅಮ್ಮ. ಬದಲಾಗದೇ ಇದ್ದೋನು ಅಪ್ಪ ಒಬ್ನೇ, ಅದಕ್ಕೇ ನಮಗೆ ಈ ಗತಿ" ಎಂದ. ಶನಿವಾರ ಬಂದುಬಿಡಿ. ಅವನನ್ನು ತಡೆಯಲು ನನ್ನೊಬ್ಬಳ ಕೈಲಿ ಆಗುವುದಿಲ್ಲ.