ಅಕ್ಕನ ಕಣಗಳು ಕೆಂಪಾದವು

ಅಕ್ಕಾ,

ಇಂದು ಬೆಳಿಗ್ಗೆ ನಿನ್ನ ರಕ್ತದ ಕ್ಯಾನ್ಸರ್ ಕಣಗಳು ಕೊನೆಗೂ ಸತ್ತವು. ಸಾಯುವ ಮುನ್ನ ನೀನು ಸಹಿ ಹಾಕಿ ನಮ್ಮ ಕುಮಾಮೊಟೊ ಊರಿನ ಪ್ರಯೋಗಾಲಯಕ್ಕೆ ಕೊಟ್ಟಿದ್ದ ಕಣಗಳವು. ಆರು ವರ್ಷದಿಂದ ನಾನೇ ಗಾಜಿನ ತಟ್ಟೆಯಲ್ಲಿ ಬೆಳೆಸಿ ಸಾಕುತ್ತಿದ್ದೆ.

ನಿನಗೆ ಕೊಡುತ್ತಿದ್ದ ಆ ಕೆಂಪು ಔಷಧಿ ಒಳಗೆ ನಿಂತರೆ ಕಣ ಸೂಕ್ಷ್ಮದರ್ಶಕದಡಿ ಕೆಂಪಗೆ ಹೊಳೆಯುತ್ತದೆ. ನಿನ್ನವು ಮಾತ್ರ ಕಪ್ಪಗೇ ಇರುತ್ತಿದ್ದವು. ಔಷಧಿ ಒಳಬಂದಷ್ಟೂ ಪಂಪಿನಂತೆ ಹೊರಗೆ ತಳ್ಳುತ್ತಿದ್ದವು. ಚಿಕಿತ್ಸೆಯ ಮೊದಲ ಸುತ್ತಿನಲ್ಲಿ ಹಾಗೆ ಉಳಿದುಕೊಂಡ ನಾಲ್ಕಾರು ಕಣಗಳ ಸಂತತಿಯೇ ಆಮೇಲೆ ನಿನ್ನ ಮೈತುಂಬ ಹಬ್ಬಿದ್ದು. ಮೊನ್ನೆ ಆ ಪಂಪನ್ನು ತಡೆಯುವ ಇನ್ನೊಂದು ಔಷಧಿ ಬೆರೆಸಿದೆವು. ನಿನ್ನೆ ಎಲ್ಲ ಕೆಂಪಾದವು.

“ಎಂಥಾ ಮೊಂಡು ಕಣಗಳಪ್ಪಾ! ಯಾರ ಮನೇವ್ರೀ ಇವು?” ಎಂದರು ಜೊತೆಯಲ್ಲಿ ಕೆಲಸ ಮಾಡುವ ತೊಕುನಾಗಾ.

“ನಮ್ಮ ಮನೇವೇ. ನಮ್ಮಕ್ಕಂದು,” ಎಂದೆ.

ಇನ್ನು ಇಲಿಗಳ ಮೇಲೆ, ಆಮೇಲೆ ರೋಗಿಗಳ ಮೇಲೆ ಪರೀಕ್ಷೆಯಾಗಬೇಕು. ಕೆಲಸ ಮಾಡುತ್ತದೆ ನೋಡು, ನನಗೆ ಅನುಮಾನವಿಲ್ಲ.

ಎರಡನೆಯ ಸುತ್ತು ಮುಗಿದ ದಿನ ಆಸ್ಪತ್ರೆಯಲ್ಲಿ ನಿನ್ನನ್ನು ಗದರಿದ್ದೆ: “ಗಂಜಿ ಕುಡೀದೆ ಹಟ ಮಾಡ್ತೀಯಲ್ಲ, ಮದ್ದು ಹೇಗೆ ನಾಟುತ್ತೆ?” ನೀನು ಎರಡೂ ಕೈಯಲ್ಲಿ ಬಟ್ಟಲು ಹಿಡಿದು, ವಾಂತಿ ತಡೆದುಕೊಂಡು ಪೂರ್ತಿ ಕುಡಿದೆ. ಆಮೇಲೆ ಬಟ್ಟಲನ್ನು ಓರೆ ಮಾಡಿ, ಖಾಲಿಯಾಗಿದೆ ಎಂದು ನನಗೆ ತೋರಿಸಿದೆ.

ನಿನ್ನ ತಂಗಿ,
ಶಿಗೆನೊ