ಬ್ರೇಕಿಗೆ ಹಚ್ಚಿದ ತೆಂಗಿನೆಣ್ಣೆ

ಯೋಗರಾಜ,

ನೀನು ತೀರಿಕೊಂಡು ಎರಡು ಮಳೆಗಾಲ ಕಳೆದವು. ಗೊತ್ತಿದ್ದೂ ಬರೆಯುತ್ತಿದ್ದೇನೆ, ಏಕೆಂದರೆ ಈ ಅವಾಂತರ ನಿನಗಲ್ಲದೆ ಬೇರೆಯವರಿಗೆ ಅರ್ಥವಾಗದು.

ಅಳಿಯ ಸುಮಂತನ ಸ್ಪೋರ್ಟ್ಸ್ ಕಾರು ಬ್ರೇಕ್ ಒತ್ತಿದಾಗಲೆಲ್ಲ ಕಿರುಚುತ್ತಿತ್ತು. ಕೋಣಂದೂರು ಪೇಟೆಯಲ್ಲಿ ಜನ ನಕ್ಕರಂತೆ. ಮೊನ್ನೆ ಬೆಳಿಗ್ಗೆ ನೋಡಿದರೆ, ಅಂಗಳದಲ್ಲಿ ಚಕ್ರ ಬಿಚ್ಚಿಟ್ಟು ಬ್ರೇಕ್ ಪ್ಯಾಡಿಗೆ ತೆಂಗಿನೆಣ್ಣೆ ಬಿಡುತ್ತಿದ್ದಾನೆ!

"ಎಂತ ಮಾಡ್ತಿದೀಯ ಮಾರಾಯ?"

"ಬಾಗ್ಲು ಕಿರುಗುಟ್ಟಿದ್ರೆ ನೀವೂ ಇದನ್ನೇ ಅಲ್ವಾ ಮಾವ ಬಿಡೋದು? ಇನ್ನು ನೋಡಿ, ಸದ್ದೇ ಇರಲ್ಲ."

ಅದೇ ಮಧ್ಯಾಹ್ನ ನನ್ನ ಮಗಳನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವವನಿದ್ದ. ಎಣ್ಣೆ ಹತ್ತಿದ ಬ್ರೇಕು ಆ ಇಳಿಜಾರಿನಲ್ಲಿ ಹಿಡಿಯುತ್ತದೆಯೇ? ಕೀಲಿ ಕಿತ್ತುಕೊಂಡೆ.

ಎಣ್ಣೆ ಕುಡಿದ ಪ್ಯಾಡುಗಳನ್ನು ಎಸೆದು, ಶಿವಮೊಗ್ಗದಿಂದ ಹೊಸವನ್ನು ತರಿಸಿದೆ. ನೀನು ಕಲಿಸಿದಂತೆ ಡಿಸ್ಕ್ ತೊಳೆದು, ಡಿಸ್ಕಿಗೆ ತಾಗದ ಪ್ಯಾಡಿನ ಬೆನ್ನಿಗೆ ಮಾತ್ರ ತೆಳುವಾಗಿ ಬ್ರೇಕ್ ಗ್ರೀಸ್ ಸವರಿ ಇವತ್ತು ಕೂರಿಸಿದೆ. ಹಿಡಿತ ಬಂತು, ಕಿರುಚು ಮಾತ್ರ ಪೂರ್ತಿ ಹೋಗಲಿಲ್ಲ. ರ್‍ಯಾಲಿ ಕಾರುಗಳ ಕೆಳಗೆ ಮಲಗಿ ನೀನು ಹೇಳುತ್ತಿದ್ದೆಯಲ್ಲ, "ಇಂಥವಕ್ಕೆ ಗಟ್ಟಿ ಪ್ಯಾಡ್ ಕಣೋ. ಸ್ವಲ್ಪ ಕೂಗ್ಲಿ ಬಿಡು, ಹಿಡಿದ್ರೆ ಸಾಕು."

"ಇನ್ನೂ ಕೂಗುತ್ತಲ್ಲ ಮಾವ! ಊರೋರು ನಗ್ತಾರೆ," ಎಂದು ಮುಖ ಸಿಂಡರಿಸಿದ ಸುಮಂತ.

ಜೀವಕ್ಕಿಂತ ಇವನಿಗೆ ಸದ್ದಿನ ಚಿಂತೆ! ಬೈಯಲು ಬಾಯಿ ತೆರೆದವನಿಗೆ, ನೀನಿದ್ದಾಗ ನಾನು ಪಂಚಾಯಿತಿಗೆ ಬರೆದ ಅರ್ಜಿ ನೆನಪಾಯಿತು. ಪಕ್ಕದ ಗ್ಯಾರೇಜಿನ ಸದ್ದಿನಲ್ಲಿ ಪುಸ್ತಕ ಓದಲಾಗುತ್ತಿಲ್ಲ ಎಂದು ಎರಡು ಪುಟ ಬರೆದಿದ್ದೆ. ಒಂದೂ ಕಾಗುಣಿತದ ತಪ್ಪಿರಲಿಲ್ಲ.

ಆ ಅರ್ಜಿ ನೋಡಿ ಪಂಚಾಯಿತಿಯವರು ಬೀಗ ಹಾಕಿಸಿದ ನಿನ್ನ ಶೆಡ್ಡು ಹಾಗೆಯೇ ಇದೆ. ಅಲ್ಲಿ ಈಗ ಸದ್ದೇ ಇಲ್ಲ.