ನಿಂತ ಕೂಲಿಂಗ್ ಟವರಿನ ತಪಾಸಣೆ

ಕಟ್ಟಡ ತಪಾಸಣಾಧಿಕಾರಿಗಳೇ,

ನಮ್ಮ ಕಿಟಕಿಯೆದುರಿನ ಕಚೇರಿಯ ತಾರಸಿಯಲ್ಲಿರುವ ಕೂಲಿಂಗ್ ಟವರನ್ನು ತಾವು ಪರಿಶೀಲಿಸಿ, 'ನೀರಿನ ಹನಿ ಹೊರಗೆ ಹಾರುವುದು ಕಂಡುಬಂದಿಲ್ಲ' ಎಂದು ಷರಾ ಬರೆದಿದ್ದೀರಿ. ಹೇಗೆ ಕಂಡೀತು ಸ್ವಾಮಿ? ತಾವು ಬಂದದ್ದು ರಜೆಯ ದಿನ, ಟವರ್ ನಿಂತಿತ್ತು. ಆರಿದ ಒಲೆಯ ಮುಂದೆ ನಿಂತು, ಹೊಗೆಯೇ ಇಲ್ಲವೆಂದು ಸರ್ಟಿಫಿಕೇಟು ಕೊಟ್ಟಂತಾಯಿತು.

ನಾನು ಬಟ್ಟೆ ಹೊಲಿಯುವವಳು. ಆದರೂ ಎಸಿ ಯಂತ್ರಗಳ ಬಿಸಿನೀರು ಆ ಟವರಿಗೆ ಬಂದು, ಫ್ಯಾನಿನ ಗಾಳಿಗೆ ತಣ್ಣಗಾಗಿ ಮರಳುತ್ತದೆ ಎಂಬಷ್ಟು ವಿದ್ಯೆ ನನಗೂ ಹತ್ತಿದೆ. ಹತ್ತದೆ ಏನು ಮಾಡೀತು? ಆ ನೀರಿನಲ್ಲಿ ನಮ್ಮ ಮನೆಗೂ ಒಂದು ಪಾಲು ಬರುತ್ತದೆ! ಹನಿ ತಡೆಯುವ ಜಾಲರಿ ಮುರಿದು ಎಷ್ಟೋ ಕಾಲವಾಯಿತು. ಹೊಲಿದಿಟ್ಟ ಬಟ್ಟೆ ಒದ್ದೆಯಾಯಿತೆಂದು ನಾನು ಗೊಣಗಿದರೆ, ನಮ್ಮ ಅತ್ತೆ ಕಿಟಕಿಗೆ ಮುಖವೊಡ್ಡಿ ಕೂತು, "ಪುಗಸಟ್ಟೆ ಎಸಿ ಕಣೇ, ಸುಮ್ನಿರು! ನಿನ್ ಗಂಡ ಅಂತೂ ಹಾಕ್ಸಲ್ಲ" ಎನ್ನುತ್ತಿದ್ದರು.

ಈಗ ಅವರು ನ್ಯುಮೋನಿಯಾ ಆಗಿ ಆಸ್ಪತ್ರೆಯಲ್ಲಿದ್ದಾರೆ. "ಮನೆ ಹತ್ರ ಕೂಲಿಂಗ್ ಟವರ್ ಏನಾದ್ರೂ ಇದೆಯಾ?" ಎಂದು ಡಾಕ್ಟರು ಕೇಳಿದರು. ತೊಳೆಯದ ತೊಟ್ಟಿಯಲ್ಲಿ ಬೆಳೆಯುವ ರೋಗಾಣು ಹನಿಯೊಂದಿಗೆ ಶ್ವಾಸಕೋಶಕ್ಕೆ ಇಳಿಯಬಹುದಂತೆ. ಅತ್ತೆಯಿಲ್ಲದ ಮನೆ ಹಾಯಾಗಿರುತ್ತದೆ ಎಂದವರು ಯಾರೋ! ನನ್ನ ಅಡುಗೆಗೆ ಕೊಂಕು ತೆಗೆಯುವವರಿಲ್ಲದೆ ನನಗೆ ಊಟವೇ ಸೇರುತ್ತಿಲ್ಲ. ನಿಜವಾಗಿ ಹೆದರಿದ್ದೇನೆ.

ತಮ್ಮ ಕಚೇರಿಗೂ ಬಂದಿದ್ದೆ. ತಾವಿರಲಿಲ್ಲ. "ಟವರ್ ಓಡ್ತಿರುವಾಗ ಯಾಕೆ ನೋಡಲ್ಲ ಸಾರ್?" ಎಂದು ತಮ್ಮ ಸಹಾಯಕರನ್ನು ಕೇಳಿದೆ. ಅವರು ಪಾಪ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು: "ಓಡ್ತಿದ್ರೆ ಹತ್ರ ಹೋಗೋಕಾಗಲ್ಲಮ್ಮಾ, ಪೂರ್ತಿ ಒದ್ದೆ ಆಗ್ತೀವಿ. ಸಾಹೇಬ್ರಿಗೆ ಶೀತ ಬೇರೆ." ತಮ್ಮ ಶೀತ ಬೇಗ ವಾಸಿಯಾಗಲಿ. ಆದರೆ ಇದೇ ಮಾತನ್ನು ಷರಾದಲ್ಲಿ ಬರೆದಿದ್ದರೆ ಕೆಲಸ ಮುಗಿಯುತ್ತಿತ್ತಲ್ಲವೇ?

ಅತ್ತೆಯನ್ನು ಮುಂದಿನ ವಾರ ಮನೆಗೆ ಕಳಿಸುತ್ತಾರಂತೆ. ಅಷ್ಟರೊಳಗೆ ಟವರ್ ನಿಲ್ಲಿಸಿ, ನೀರು ಖಾಲಿ ಮಾಡಿಸಿ, ತೊಟ್ಟಿಯ ಲೋಳೆ ಉಜ್ಜಿಸಿ, ರೋಗಾಣು ಕೊಲ್ಲುವ ಔಷಧಿ ಹಾಕಿಸಿ, ಹೊಸ ಜಾಲರಿ ಕೂರಿಸಿ. ನೀರನ್ನು ಪರೀಕ್ಷೆಗೂ ಕಳಿಸಿ. ಆಮೇಲೆ ಟವರ್ ಓಡಿಸಿ, ತಾವೇ ನಮ್ಮ ಮನೆಗೆ ಬಂದು, ಕಿಟಕಿ ತೆರೆದು ಒಂದು ಮಧ್ಯಾಹ್ನ ಕುಳಿತುಕೊಳ್ಳಿ. ತಾವು ಅಲ್ಲಿ ಧೈರ್ಯವಾಗಿ ಉಸಿರೆಳೆದ ಮೇಲೆಯೇ ನಾನು ಅತ್ತೆಯನ್ನು ಕರೆತರುವುದು.

ಇಂತಿ,
ಸದ್ಯಕ್ಕೆ ಕಿಟಕಿ ಮುಚ್ಚಿಕೊಂಡು ಬೆವರುತ್ತಿರುವ
ಎದುರು ಮನೆಯ ಸೊಸೆ